ಫ್ರಾನ್ಸ್ ಬಗ್ಗೆ ಅರ್ಧ ಮಾತ್ರ ಹೇಳಬೇಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಎರಡು ಸಲ ಓದಿದೆ. ಯುರೋಪಿಗೆ ಹೋದ ಮುಸ್ಲಿಮರು ಅಲ್ಲಿನವರ ಜೊತೆ ಬೆರೆಯುವುದಿಲ್ಲ, ಅಲ್ಲಿನ ಕಾನೂನಿಗೆ ಬೆಲೆ ಕೊಡುವುದಿಲ್ಲ, ಅದಕ್ಕೇ ಫ್ರಾನ್ಸ್ ಶಾಲೆಗಳಲ್ಲಿ ಹಿಜಾಬ್ ನಿಲ್ಲಿಸಿ ಒಳ್ಳೆಯ ಕೆಲಸ ಮಾಡಿತು, ನಾವೂ ಅವರನ್ನು ನೋಡಿ ಕಲಿಯಬೇಕು ಎಂದು ಲೇಖಕರು ಬರೆದಿದ್ದಾರೆ. ಅವರು ಫ್ರಾನ್ಸ್ ನೋಡಿದ್ದಾರೋ ಇಲ್ಲವೋ ನನಗೆ ಗೊತ್ತಿಲ್ಲ. ನಾನು ಅಲ್ಲಿ ಮೂರು ತಿಂಗಳು ಇದ್ದು ಬಂದಿದ್ದೇನೆ. ಮಗಳು ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾಳೆ. ಹಾಗಾಗಿ ಸುಮ್ನೆ ಇರೋಕೆ ಆಗಲಿಲ್ಲ. ಪತ್ರ ಸ್ವಲ್ಪ ಉದ್ದ ಇದೆ, ಜಾಗ ಇದ್ದರೆ ಕತ್ತರಿಸದೆ ಹಾಕಿ.

ನಾನು ದಾವಣಗೆರೆಯವಳು. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಿದ್ದರು. ಬೆಳಗಿನ ಜಾವ ಎದ್ದು ಹೋಗಿ ಕಾದ ಮರಳಿನ ಮುಂದೆ ನಿಂತರೆ ಮಧ್ಯಾಹ್ನ ಮೈಯೆಲ್ಲ ಹೊಗೆ ವಾಸನೆ ಮಾಡಿಕೊಂಡು ಬರುತ್ತಿದ್ದರು. ಆ ದುಡಿಮೆಯಲ್ಲೇ ನಾನು ಕನ್ನಡ ಎಂ.ಎ. ಓದಿದೆ. ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಪಾಠ ಮಾಡಿ ನಿವೃತ್ತಳಾದೆ. ಮನೆಯಲ್ಲಿ ನಮ್ಮ ಉರ್ದು. ಲೆಕ್ಕ ಮಾಡುವುದು, ಮಕ್ಕಳನ್ನು ಗದರುವುದು, ಡೈರಿ ಬರೆಯುವುದು ಎಲ್ಲ ಕನ್ನಡದಲ್ಲೇ. ಬೀದಿಗೆ ಹೋದರೆ ತಲೆ ಮೇಲೆ ಸೆರಗು ಹೊದ್ದುಕೊಳ್ಳುತ್ತೇನೆ, ಬುರ್ಖಾ ಹಾಕಿದವಳಲ್ಲ. ನನ್ನ ಹತ್ತಿರ ಓದಿದವರು ಇವತ್ತಿಗೂ ಮಂಡಿಪೇಟೆಯಲ್ಲಿ ಸಿಕ್ಕರೆ 'ಕನ್ನಡ ಮಿಸ್' ಎಂದೇ ಕರೆಯುತ್ತಾರೆ. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಹೋದ ವರ್ಷ ಆಗಸ್ಟ್ ಕೊನೆಗೆ ಮಗಳಿರುವ ಫ್ರಾನ್ಸಿನ ಊರು ಲಿಯೋನ್‌ಗೆ ಹೋದೆ. ಸೂಟ್‌ಕೇಸಿನ ಅರ್ಧ ಜಾಗ ಮಂಡಕ್ಕಿಗೇ ಹೋಗಿತ್ತು. ಅಲ್ಲಿ ಸೆಪ್ಟೆಂಬರ್ ಮೊದಲ ವಾರ ಶಾಲೆ ಶುರು. ಮೊಮ್ಮಗಳಿಗೆ ಹದಿಮೂರು ವರ್ಷ, ನಮ್ಮ ಎಂಟನೇ ಕ್ಲಾಸು ಅಂದುಕೊಳ್ಳಿ. ಅವಳು ತಲೆಗೆ ಏನೂ ಹಾಕುವುದಿಲ್ಲ. ಎರಡನೇ ದಿನ ನಾನೇ ಅವಳ ಜೊತೆ ಶಾಲೆ ತನಕ ನಡೆದುಕೊಂಡು ಹೋದೆ. ಕಪ್ಪು ಉದ್ದ ಸ್ಕರ್ಟ್, ಮೇಲೆ ಬೂದು ಬಣ್ಣದ ಸ್ವೆಟರ್ ಹಾಕಿದ್ದಳು. ಬೇಸಿಗೆಯಲ್ಲಿ ಮಾಮೂಲಿ ಬಟ್ಟೆ ಅಂಗಡಿಯಲ್ಲಿ ರಿಯಾಯಿತಿ ಇದ್ದಾಗ ಗೆಳತಿ ಜೊತೆ ಹೋಗಿ ತಂದ ಸ್ಕರ್ಟು. ಇಬ್ಬರೂ ಒಂದೇ ಥರದ್ದು ತಗೊಂಡಿದ್ದರಂತೆ. ಆ ದಿನ ಇಬ್ಬರೂ ಮಾತಾಡಿಕೊಂಡೇ ಅದನ್ನು ಹಾಕಿಕೊಂಡು ಬಂದಿದ್ದರು.

ಗೇಟಿನಲ್ಲಿ ಒಬ್ಬ ಸಿಬ್ಬಂದಿ ಹೆಂಗಸು ನಿಂತಿದ್ದರು. ಗೆಳತಿ ಒಳಗೆ ಹೋದಳು. ಇವಳನ್ನು ತಡೆದರು. ಏನೋ ಕೇಳಿದರು, ಇವಳು ಇಲ್ಲ ಎಂದು ತಲೆಯಾಡಿಸಿದಳು. ಮತ್ತೆ ಕೇಳಿದರು, ಸ್ಕರ್ಟಿನ ಕಡೆ ಬೆರಳು ತೋರಿಸಿದರು. ಅಷ್ಟರಲ್ಲಿ ಆ ಗೆಳತಿ ಒಳಗಿನಿಂದ ವಾಪಸ್ ಬಂದು, ತನ್ನ ಸ್ಕರ್ಟನ್ನು ಎರಡೂ ಕೈಯಲ್ಲಿ ಅಗಲ ಮಾಡಿ ಹಿಡಿದು, ನನ್ನದೂ ಇದೇ ಅಲ್ವಾ ಅನ್ನೋ ಹಾಗೆ ತೋರಿಸಿದಳು. ಅವಳಿಗೆ ಕ್ಲಾಸಿಗೆ ಹೋಗು ಎಂದರು. ನನ್ನ ಮೊಮ್ಮಗಳಿಗೆ ಮನೆಗೆ ಹೋಗಿ ಪ್ಯಾಂಟ್ ಹಾಕಿಕೊಂಡು ಬಾ ಎಂದರು.

ವಾಪಸ್ ಬರುವಾಗ ಅವಳು ಮುಂದೆ ಮುಂದೆ ನಡೆದಳು. ಸಿಗ್ನಲ್ ಹತ್ತಿರ ನಿಂತಾಗ ನನ್ನ ಮುಖ ನೋಡದೆ ಹೇಳಿದಳು: "ನಾನಿ, ಅವಳ ಹತ್ತಿರ ಹೆಸರು ಕೇಳಲಿಲ್ಲ. ನನ್ನ ಹೆಸರು ಕೇಳಿದ್ರು." ಬಟ್ಟೆ ಬದಲಾಯಿಸಿ ಮತ್ತೆ ಶಾಲೆ ಮುಟ್ಟುವ ಹೊತ್ತಿಗೆ ಮೊದಲನೇ ಪೀರಿಯಡ್ ಮುಗಿದಿತ್ತು. ಆ ಸ್ಕರ್ಟನ್ನು ಅವಳು ಮತ್ತೆ ಹಾಕಲಿಲ್ಲ. ಕಪಾಟಿನ ಮೂಲೆಯಲ್ಲಿ ಇನ್ನೂ ಇದೆ.

ಶಾಲೆಯಲ್ಲಿ ಅಬಾಯಾ, ಅಂದರೆ ಮೈತುಂಬ ಹಾಕುವ ಉದ್ದ ನಿಲುವಂಗಿ, ಹಾಕಬಾರದು ಎಂದು ಅಲ್ಲಿನ ಸರ್ಕಾರ 2023ರ ಆಗಸ್ಟ್‌ನಲ್ಲಿ ಹೇಳಿತು. ಆ ವರ್ಷ ಶಾಲೆ ಶುರುವಾದ ದಿನ 298 ಹುಡುಗಿಯರು ಅಬಾಯಾದಲ್ಲಿ ಬಂದರು, ತೆಗೆಯಲು ಒಪ್ಪದ 67 ಜನರನ್ನು ಮನೆಗೆ ಕಳಿಸಿದೆವು ಎಂದು ಮಂತ್ರಿಗಳೇ ಲೆಕ್ಕ ಕೊಟ್ಟರು. ಆದರೆ ಅಬಾಯಾ ಯಾವುದು, ಉದ್ದ ಲಂಗ ಯಾವುದು? ಬಟ್ಟೆ ನೋಡಿದರೆ ಗೊತ್ತಾಗುವುದಿಲ್ಲ. ಹಾಕಿಕೊಂಡವಳು ಯಾರು ಅಂತ ನೋಡಬೇಕಾಗುತ್ತದೆ. ಧರ್ಮ ಕಾಣಬಾರದು ಎಂದು ಮಾಡಿದ ನಿಯಮ, ಮೊದಲು ಮಗುವಿನ ಧರ್ಮ ಯಾವುದು ಎಂದು ಹುಡುಕುವಂತೆ ಮಾಡಿತು. ಮೂವತ್ತೊಂದು ವರ್ಷ ಶಾಲೆಯಲ್ಲಿ ಇದ್ದವಳಾಗಿ ನನಗೆ ಇದು ತುಂಬಾ ನೋವು ಕೊಟ್ಟಿತು.

ಈಗ ಲೇಖಕರ ಮಾತಿಗೆ ಬರುತ್ತೇನೆ. ಫ್ರಾನ್ಸನ್ನು ನೋಡಿ ಕಲಿಯಿರಿ ಎನ್ನುವವರು ಫ್ರಾನ್ಸ್ ಏನು ಮಾಡಿದೆ ಎಂದು ಪೂರ್ತಿ ಹೇಳಬೇಕು.

ಅಲ್ಲಿ ಚರ್ಚನ್ನೂ ಸರ್ಕಾರವನ್ನೂ ಬೇರೆ ಮಾಡಿದ್ದು 1905ರ ಕಾನೂನು. ಅದರ ಮೊದಲ ಕಲಮೇ ಪ್ರತಿಯೊಬ್ಬರ ಮನಸ್ಸಾಕ್ಷಿಯ ಸ್ವಾತಂತ್ರ್ಯಕ್ಕೆ ಗಣರಾಜ್ಯ ಜವಾಬ್ದಾರಿ ಎಂದು ಹೇಳುತ್ತದೆ. ಆವಾಗ ಕಟ್ಟಿಹಾಕಿದ್ದು ಸರ್ಕಾರದ ಕೈಯನ್ನು, ಪಾದ್ರಿಗಳ ಅಧಿಕಾರವನ್ನು. ಮಕ್ಕಳ ತಲೆ ಮೇಲಿನ ಬಟ್ಟೆ ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ. 1989ರಲ್ಲಿ ಕ್ರೇಯ್ ಎಂಬ ಊರಿನಲ್ಲಿ ಮೂವರು ಹುಡುಗಿಯರನ್ನು ಶಾಲೆಯಿಂದ ಹೊರಗೆ ಹಾಕಿದಾಗ ಮೊದಲ ಸಲ ದೊಡ್ಡ ಗಲಾಟೆ ಆಯಿತು. ಆಗ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯವನ್ನು ಸರ್ಕಾರ ಅಭಿಪ್ರಾಯ ಕೇಳಿತು. ಧರ್ಮದ ಗುರುತು ಹಾಕಿಕೊಂಡ ಮಾತ್ರಕ್ಕೆ ಜಾತ್ಯತೀತತೆಗೆ ಧಕ್ಕೆ ಇಲ್ಲ ಎಂದೇ ಅದು ಹೇಳಿತ್ತು. ಕಾನೂನು ಮಾಡಿ ನಿಲ್ಲಿಸಿದ್ದು 2004ರಲ್ಲಿ. ಅಂದರೆ ಅವರ ಜಾತ್ಯತೀತತೆ ಹೆಚ್ಚುಕಡಿಮೆ ನೂರು ವರ್ಷ ಈ ನಿಯಮ ಇಲ್ಲದೆಯೇ ನಡೆದಿತ್ತು.

ಆ 2004ರ ಕಾನೂನು ಕೂಡ ಬರೀ ಹಿಜಾಬಿಗಲ್ಲ. ದೊಡ್ಡ ಶಿಲುಬೆ, ಯಹೂದಿ ಟೋಪಿ, ಸಿಖ್ಖರ ಪೇಟ ಎಲ್ಲಕ್ಕೂ ಅನ್ವಯ. ಸರ್ಕಾರಿ ಶಾಲೆಯ ಗೋಡೆ ಮೇಲೆ ದೇವರ ಫೋಟೊ ಇರುವುದಿಲ್ಲ. ಪ್ರಾರ್ಥನೆ ಇಲ್ಲ. ಶಿಕ್ಷಕರೂ ಗುರುತು ಹಾಕುವಂತಿಲ್ಲ. ಈಗ ನಮ್ಮ ಶಾಲೆ ನೋಡಿ. ನಾನು ಮೂವತ್ತೊಂದು ವರ್ಷ ಶಾರದಾ ಪೂಜೆ ದಿನ ಬೆಳಿಗ್ಗೆ ಏಳಕ್ಕೇ ಶಾಲೆಗೆ ಹೋಗುತ್ತಿದ್ದೆ. ಹೂವಿನ ಮಾಲೆ ಕಟ್ಟಿದ್ದೇನೆ, ಹೆಸರುಬೇಳೆ ಕೋಸಂಬರಿ ಹಂಚಿದ್ದೇನೆ, ಹುಡುಗಿಯರ ಜಡೆಗೆ ಮಲ್ಲಿಗೆ ಮುಡಿಸಿದ್ದೇನೆ. ಅದರಿಂದ ನನ್ನ ನಮಾಜು ಎಲ್ಲೂ ಹೋಗಲಿಲ್ಲ. ರಂಜಾನಿನಲ್ಲಿ ಉಪವಾಸ ಇದ್ದಾಗ ನನ್ನ ಸಹೋದ್ಯೋಗಿಗಳು ಕೊನೆಯ ಪೀರಿಯಡ್ ತಾವು ತಗೊಂಡು ನನ್ನನ್ನು ಬೇಗ ಮನೆಗೆ ಕಳಿಸುತ್ತಿದ್ದರು. ನಮ್ಮ ಪದ್ಧತಿ ಎಲ್ಲರದ್ದೂ ಒಳಗೆ ಬರಲಿ ಅನ್ನೋದು. ಫ್ರಾನ್ಸಿನದು ಯಾರದ್ದೂ ಒಳಗೆ ಬರೋದು ಬೇಡ ಅನ್ನೋದು. ಇವು ಎರಡು ಬೇರೆ ದಾರಿ. ನನಗೆ ನಮ್ಮದೇ ಇಷ್ಟ, ಬೇರೆಯವರಿಗೆ ಅದು ಇಷ್ಟ ಇರಬಹುದು. ಆದರೆ ಗೋಡೆ ಮೇಲಿನ ಫೋಟೊ, ಪೂಜೆ, ಕುಂಕುಮ ಎಲ್ಲ ನಮ್ಮ ಪದ್ಧತಿಯಲ್ಲೇ ಇರಲಿ, ಮುಸ್ಲಿಂ ಹುಡುಗಿ ಬಾಗಿಲಿಗೆ ಬಂದಾಗ ಮಾತ್ರ ಫ್ರಾನ್ಸಿನ ಕಾನೂನು ಬರಲಿ ಅಂದರೆ ಅದು ಯಾವ ನ್ಯಾಯ?

ಫ್ರಾನ್ಸ್ ಕೂಡ ಹೇಳಿಕೊಳ್ಳುವಷ್ಟು ಖಾಲಿ ಗೋಡೆಯಲ್ಲ. ವರ್ಷದ 11 ಸಾರ್ವಜನಿಕ ರಜೆಗಳಲ್ಲಿ 6 ಕ್ರೈಸ್ತ ಹಬ್ಬಗಳು. 1905ರಲ್ಲಿ ಅಲ್ಸಾಸ್ ಭಾಗ ಜರ್ಮನಿಯ ಕೈಯಲ್ಲಿತ್ತು, ಆಮೇಲೆ ಫ್ರಾನ್ಸಿಗೆ ವಾಪಸ್ ಬಂದರೂ ಹಳೆಯ ಪದ್ಧತಿ ಹಾಗೇ ಉಳಿಯಿತು. ಹಾಗಾಗಿ ಅಲ್ಲಿ ಇವತ್ತಿಗೂ ಪಾದ್ರಿಗಳಿಗೆ, ಯಹೂದಿ ಧರ್ಮಗುರುಗಳಿಗೆ ಸರ್ಕಾರವೇ ಸಂಬಳ ಕೊಡುತ್ತದೆ, ಇಮಾಮರಿಗೆ ಇಲ್ಲ. ಪ್ಯಾರಿಸ್ಸಿನ ದೊಡ್ಡ ಮಸೀದಿಯನ್ನು 1926ರಲ್ಲಿ ತೆರೆದಿದ್ದು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಸತ್ತ ಮುಸ್ಲಿಂ ಸೈನಿಕರ ಋಣಕ್ಕೆ. ಇವರು ನಿನ್ನೆ ಮೊನ್ನೆ ಬಂದು ಬಾಗಿಲು ತಟ್ಟಿದವರಲ್ಲ. ಅಲ್ಜೀರಿಯಾವನ್ನು ಫ್ರಾನ್ಸ್ 1830ರಿಂದ 1962ರ ತನಕ ಆಳಿತು. ಅಲ್ಲಿನವರು ಬಂದು ರಸ್ತೆ ಹಾಕಿದರು, ಕಾರ್ಖಾನೆಗಳಲ್ಲಿ ದುಡಿದರು. ಅವರ ಮೊಮ್ಮಕ್ಕಳನ್ನು ಇವತ್ತಿಗೂ ನೀನು ಎಲ್ಲಿಯವನು ಎಂದು ಕೇಳುತ್ತಾರೆ.

ಬೆರೆಯುವುದಿಲ್ಲ ಅನ್ನುವ ಮಾತು ನನ್ನನ್ನು ಜಾಸ್ತಿ ಕಾಡಿತು. ಬೆರೆಯಲು ಇಬ್ಬರು ಬೇಕಲ್ವಾ? 2009ರಲ್ಲಿ ಸಂಶೋಧಕರು ಅಲ್ಲಿನ ಕಂಪನಿಗಳಿಗೆ ಕೆಲಸ ಕೇಳಿ ಅರ್ಜಿ ಕಳಿಸಿ ಒಂದು ಪರೀಕ್ಷೆ ಮಾಡಿದರು. ಇಬ್ಬರು ಕಾಲ್ಪನಿಕ ಹುಡುಗಿಯರು. ಇಬ್ಬರದೂ ಸೆನೆಗಲ್ ಮೂಲ, ಒಂದೇ ಮನೆತನದ ಹೆಸರು, ಒಂದೇ ಓದು, ಒಂದೇ ಅನುಭವ. ಒಬ್ಬಳ ಹೆಸರು ಮರಿ, ಅಂದರೆ ನಮ್ಮ ಕಡೆಯ ಮೇರಿ, ಇನ್ನೊಬ್ಬಳ ಹೆಸರು ಖದೀಜಾ. ಬಣ್ಣ ಒಂದೇ, ದೇಶ ಒಂದೇ, ಧರ್ಮ ಮಾತ್ರ ಬೇರೆ ಎಂದು ತಿಳಿಯುವ ಹಾಗೆ ಅರ್ಜಿ ಬರೆದಿದ್ದರು. ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ಖದೀಜಾಗೆ ಮರಿಗಿಂತ ಎರಡೂವರೆ ಪಟ್ಟು ಕಡಿಮೆ ಇತ್ತು. ಖದೀಜಾ ಫ್ರೆಂಚ್ ಮಾತಾಡುತ್ತಾಳೆ, ಪದವಿ ಪಡೆದಿದ್ದಾಳೆ, ಕೆಲಸ ಕೇಳಿಕೊಂಡು ಬಂದಿದ್ದಾಳೆ. ಅವಳು ಇನ್ನೂ ಎಷ್ಟು ಬೆರೆಯಬೇಕು?

ನನ್ನ ಮಗಳ ವಿಷಯ ಹೇಳುತ್ತೇನೆ. ದಾವಣಗೆರೆಯಲ್ಲಿ ಬಿ.ಇ. ಓದುವಾಗ ಅವಳು ತಲೆಗೆ ಏನೂ ಹಾಕುತ್ತಿರಲಿಲ್ಲ. ಚೂಡಿದಾರ, ದುಪಟ್ಟಾ ಅಷ್ಟೆ. ಗಣೇಶನ ಪೆಂಡಾಲಿನ ಮುಂದೆ ಗೆಳತಿಯರ ಜೊತೆ ನಿಂತು ಮಿರ್ಚಿ ತಿನ್ನುತ್ತಿದ್ದವಳು. ನಾನು ಲಿಯೋನ್‌ನಲ್ಲಿ ಇಳಿದಾಗ ವಿಮಾನ ನಿಲ್ದಾಣದಲ್ಲಿ ತಲೆಗೆ ಬಿಗಿಯಾಗಿ ಸ್ಕಾರ್ಫ್ ಸುತ್ತಿಕೊಂಡು ನಿಂತಿದ್ದಳು. ವಿಡಿಯೊ ಕಾಲ್‌ನಲ್ಲಿ ಮನೆಯೊಳಗೆ ನೋಡಿದ್ದೆ, ಹಾಗಾಗಿ ನನಗೆ ಗೊತ್ತೇ ಇರಲಿಲ್ಲ. ಅವಳ ಆಫೀಸಿನಲ್ಲಿ ಹಾಕುವಂತಿಲ್ಲ. ಎಲ್ಲ ಧರ್ಮಕ್ಕೂ ಒಂದೇ ನಿಯಮ ಇದ್ದರೆ ಖಾಸಗಿ ಕಂಪನಿ ಹಾಗೆ ಮಾಡಬಹುದು ಎಂದು 2017ರಲ್ಲಿ ಯುರೋಪಿನ ನ್ಯಾಯಾಲಯವೇ ಹೇಳಿದೆ. ಒಂದು ದಿನ ಅವಳ ಜೊತೆ ಹೋಗಿದ್ದೆ. ಲಿಫ್ಟಿನ ಬಾಗಿಲು ಮುಚ್ಚಿದ ಕೂಡಲೇ ಕನ್ನಡಿ ಮುಂದೆ ನಿಂತು, ಎರಡು ಪಿನ್ನು ತೆಗೆದು ತುಟಿಯಲ್ಲಿ ಕಚ್ಚಿಕೊಂಡು, ಸ್ಕಾರ್ಫ್ ಬಿಚ್ಚಿ ನಾಲ್ಕು ಮಡಿಕೆ ಮಾಡಿ ಬ್ಯಾಗಿಗೆ ಇಟ್ಟು, ಬೆರಳಲ್ಲೇ ಕೂದಲು ಬಾಚಿಕೊಂಡಳು. ಐದನೇ ಮಹಡಿ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಎಷ್ಟೋ ವರ್ಷದಿಂದ ದಿನಕ್ಕೆ ಎರಡು ಸಲ ಮಾಡಿದ ಕೈ ಅದು.

ಆ ರಾತ್ರಿ ಕೇಳಿದೆ, ಯಾಕಮ್ಮ ಇದೆಲ್ಲ, ಊರಲ್ಲಿ ಹಾಕದವಳು ಇಲ್ಲಿ ಯಾಕೆ ಹಾಕ್ತೀಯ ಅಂತ. ಅವಳು 2015ರಿಂದ ಹೇಳಲು ಶುರು ಮಾಡಿದಳು. ಆ ನವೆಂಬರಿನಲ್ಲಿ ಪ್ಯಾರಿಸ್ಸಿನಲ್ಲಿ 130 ಜನರನ್ನು ಕೊಂದರಲ್ಲ, ಅದರ ಮಾರನೇ ದಿನ ಇವಳೂ ಅತ್ತಿದ್ದಾಳೆ, ಮೇಣದಬತ್ತಿ ಹಚ್ಚಲು ಹೋಗಿದ್ದಾಳೆ. ಆಫೀಸಿನಲ್ಲಿ ಮಾತ್ರ ಇದಕ್ಕೆ ನೀನೇನಂತೀಯ ಎಂದು ಇವಳನ್ನೇ ಕೇಳಿದರಂತೆ. ಆಮೇಲೆ ಎಲ್ಲೇ ಏನೇ ಆದರೂ ಉತ್ತರ ಇವಳು ಕೊಡಬೇಕು. "ಅಮ್ಮಿ, ನಾನು ದಾವಣಗೆರೆಯವಳು, ಇಂಜಿನಿಯರು, ಕನ್ನಡ ಟೀಚರ್ ಮಗಳು, ಇದ್ಯಾವುದೂ ಅವರಿಗೆ ಕಾಣಲ್ಲ. ಕಾಣೋದು ಒಂದೇ. ಆ ಒಂದಕ್ಕೆ ತಲೆ ತಗ್ಗಿಸಿಕೊಂಡು ಓಡಾಡೋ ಬದಲು ಅದನ್ನೇ ತಲೆ ಮೇಲೆ ಹಾಕ್ಕೊಂಡೆ" ಎಂದಳು. ನನಗೆ ಅದು ಇಷ್ಟವಾಗಲಿಲ್ಲ. ಎರಡು ರಾತ್ರಿ ವಾದ ಮಾಡಿದೆ. ಈಗಲೂ ಪೂರ್ತಿ ಒಪ್ಪಿಗೆಯಿಲ್ಲ. ಆದರೆ ಅವಳನ್ನು ಅಲ್ಲಿಗೆ ತಳ್ಳಿದ್ದು ಯಾವ ಮೌಲ್ವಿಯೂ ಅಲ್ಲ, ಅವಳ ಗಂಡನೂ ಅಲ್ಲ. ಅವನು ಪಾಪ, ಕೆಲಸಕ್ಕೆ ತೊಂದರೆಯಾದೀತು ಬೇಡ ಎಂದೇ ಹೇಳಿದ್ದನಂತೆ.

ಇಲ್ಲಿ ನಾನು ಕನ್ನಡ ಮಿಸ್. ಅಲ್ಲಿ ಹೋದ ಮೂರು ತಿಂಗಳೂ ನಾನು ಬರೀ ಮುಸ್ಲಿಂ ಹೆಂಗಸು. ಮಸೀದಿಯಲ್ಲಿ ಅಲ್ಜೀರಿಯಾ, ಟ್ಯುನೀಷಿಯಾ, ಸೆನೆಗಲ್‌ನ ಹೆಂಗಸರು ಸಿಕ್ಕರು. ಅವರಲ್ಲೇ ಒಬ್ಬರ ಅಡಿಗೆ ಇನ್ನೊಬ್ಬರಿಗೆ ಗೊತ್ತಿಲ್ಲ, ಮಾತು ಬೇರೆ, ಮದುವೆ ಪದ್ಧತಿ ಬೇರೆ. ಅವರ ಮುಂದೆ ನಾನು ನಮ್ಮೂರ ಕಡೆ ಮೊಹರಂ ಬಗ್ಗೆ ಹೇಳಿದೆ. ನನ್ನ ತಾಯಿಯ ಹಳ್ಳಿಯಲ್ಲಿ ಅಲಾಯಿ ದೇವರನ್ನು ಹೊರುವುದು ಹಿಂದೂ ಮನೆಯವರು, ಮುಸ್ಲಿಮರ ಮನೆ ಇರುವುದೇ ಮೂರು ಎಂದಾಗ ಮಗಳು ಅದನ್ನು ಫ್ರೆಂಚಿನಲ್ಲಿ ಹೇಳಲು ಒದ್ದಾಡಿದಳು. ಅವರು ನಂಬಲೇ ಇಲ್ಲ. ಇಷ್ಟೆಲ್ಲ ಬಗೆಯ ಜನರನ್ನು ಹೊರಗಿನವರು ಒಂದೇ ಪದದಲ್ಲಿ ಕರೆಯುತ್ತಾರೆ.

ಅದೇ ಮಸೀದಿಯ ಇನ್ನೊಂದು ಮಾತು ಹೇಳಲೇಬೇಕು, ನಮ್ಮವರು ಬೇಜಾರು ಮಾಡಿಕೊಂಡರೂ ಪರವಾಗಿಲ್ಲ. ಅರವತ್ನಾಲ್ಕನೇ ವಯಸ್ಸಿನಲ್ಲಿ, ಜೀವನದಲ್ಲಿ ಮೊದಲ ಸಲ ಶುಕ್ರವಾರದ ನಮಾಜನ್ನು ನಾನು ಮಸೀದಿಯೊಳಗೆ ಮಾಡಿದ್ದು ಫ್ರಾನ್ಸಿನಲ್ಲಿ. ನಮ್ಮ ಮೊಹಲ್ಲಾದ ಮಸೀದಿ ಮನೆಯಿಂದ ಐವತ್ತು ಹೆಜ್ಜೆ. ಹುಟ್ಟಿದಾಗಿನಿಂದ ಅದರ ಆಜಾನ್ ಕೇಳಿ ಬೆಳೆದೆ, ಒಳಗೆ ಕಾಲಿಟ್ಟಿಲ್ಲ. ಫ್ರಾನ್ಸಿನ ಆ ಮಸೀದಿಯಲ್ಲಿ ಹೆಂಗಸರಿಗೆ ಬೇರೆ ಜಾಗ, ಬೇರೆ ಬಾಗಿಲು, ಮಕ್ಕಳನ್ನು ಕೂರಿಸಲು ಮೂಲೆಯಲ್ಲಿ ಚಾಪೆ. ನಾನು ಸಜ್ದಾಕ್ಕೆ ಬಾಗಿದವಳು ಏಳಲು ತಡವಾಯಿತು, ಅಳು ಬಂದುಬಿಟ್ಟಿತ್ತು. ದಾವಣಗೆರೆಯ ಮಸೀದಿ ಕಮಿಟಿಗಳ ಹಿರಿಯರು ಈ ಪತ್ರ ಓದಿದರೆ ಇದರ ಬಗ್ಗೆ ಯೋಚನೆ ಮಾಡಲಿ. ಹೆಣ್ಣುಮಕ್ಕಳಿಗೆ ಒಂದು ಕೋಣೆ ಕೊಡಲು ಯಾವ ಸರ್ಕಾರವೂ ಅಡ್ಡ ಬಂದಿಲ್ಲ.

ತಪ್ಪು ಬರೀ ಫ್ರಾನ್ಸಿನವರದ್ದೇ ಎಂದು ನಾನು ಹೇಳುತ್ತಿಲ್ಲ. 2020ರ ಅಕ್ಟೋಬರಿನಲ್ಲಿ ಸಾಮ್ಯುಯೆಲ್ ಪಾತಿ ಎಂಬ ಇತಿಹಾಸದ ಮೇಷ್ಟ್ರನ್ನು ಕ್ಲಾಸಿನಲ್ಲಿ ಪ್ರವಾದಿಯವರ ವ್ಯಂಗ್ಯಚಿತ್ರ ತೋರಿಸಿ ಪಾಠ ಮಾಡಿದ್ದಕ್ಕೆ ತಲೆ ಕಡಿದು ಕೊಂದರು. ಕೊಂದವನಿಗೆ ಹದಿನೆಂಟು ವರ್ಷ. ಆ ಸುದ್ದಿ ಓದಿದ ದಿನ ನಾನಿನ್ನೂ ಕೆಲಸದಲ್ಲಿದ್ದೆ. ಆ ಮೇಷ್ಟ್ರ ಜಾಗದಲ್ಲಿ ನನ್ನನ್ನೇ ನಿಲ್ಲಿಸಿಕೊಂಡು ನೋಡಿದೆ. ನನ್ನ ಧರ್ಮದ ಹೆಸರು ಹೇಳಿ ಒಬ್ಬ ಮೇಷ್ಟ್ರನ್ನು ಕೊಲ್ಲುವುದನ್ನು 'ಆದರೆ' ಎಂಬ ಪದ ಸೇರಿಸದೆ ಖಂಡಿಸುತ್ತೇನೆ. ಯಾವ ಮುಸ್ಲಿಂ ಮನೆಯಲ್ಲಿ ಆ 'ಆದರೆ' ಬಂದರೂ ಆ ಮನೆಯ ಹಿರಿಯರು ಅಲ್ಲೇ ತಡೆಯಬೇಕು. ಇದರ ಜೊತೆಗೇ 2015ರ ಜನವರಿಯನ್ನೂ ನೆನಪಿಸುತ್ತೇನೆ. ಪ್ಯಾರಿಸ್ಸಿನ ಯಹೂದಿ ಅಂಗಡಿಯೊಂದಕ್ಕೆ ಬಂದೂಕುಧಾರಿ ನುಗ್ಗಿದಾಗ, ಗ್ರಾಹಕರನ್ನು ಕೆಳಗಿನ ಶೀತಲ ಕೋಣೆಯಲ್ಲಿ ಬಚ್ಚಿಡಲು ನೆರವಾದವನು ಅದೇ ಅಂಗಡಿಯ ಕೆಲಸಗಾರ, ಮಾಲಿ ದೇಶದ ಮುಸ್ಲಿಂ ಯುವಕ ಲಸಾನಾ ಬತಿಲಿ. ಫ್ರಾನ್ಸ್ ಅವನಿಗೆ ಪೌರತ್ವ ಕೊಟ್ಟು ಗೌರವಿಸಿತು. ಅದೇ ವಾರ ಶಾರ್ಲಿ ಎಬ್ದೊ ಪತ್ರಿಕೆಯ ಮೇಲೆ ದಾಳಿ ಮಾಡಿದವರು ರಸ್ತೆಯಲ್ಲಿ ಕೊಂದ ಪೊಲೀಸಿನವರ ಹೆಸರು ಅಹ್ಮದ್ ಮೆರಾಬೆ. ಲೇಖಕರು ಬೆರೆಯದವರ ಪಟ್ಟಿ ಬರೆಯುವಾಗ ಇವರಿಬ್ಬರನ್ನು ಎಲ್ಲಿ ಬರೆಯುತ್ತಾರೆ?

ಪಾಶ್ಚಾತ್ಯ ಅಂದರೆ ಫ್ರಾನ್ಸ್ ಒಂದೇ ಅಲ್ಲ. ಇಂಗ್ಲೆಂಡಿನಲ್ಲಿ ರಾಜನೇ ಚರ್ಚಿಗೆ ಮುಖ್ಯಸ್ಥ, ಮೇಲ್ಮನೆಯಲ್ಲಿ 26 ಬಿಷಪ್ಪರು ಕೂರುತ್ತಾರೆ. ಕಾಗದದ ಮೇಲೆ ಅದು ಜಾತ್ಯತೀತ ದೇಶವೇ ಅಲ್ಲ. ಆದರೆ ಲಂಡನ್ ಪೊಲೀಸಿನಲ್ಲಿ 2001ರಿಂದಲೇ ಮಹಿಳಾ ಪೊಲೀಸರು ಹಿಜಾಬ್ ಹಾಕಿ ಡ್ಯೂಟಿ ಮಾಡಬಹುದು. ಪಾಕಿಸ್ತಾನದಿಂದ ಹೋದ ಬಸ್ ಡ್ರೈವರ್ ಒಬ್ಬರ ಮಗ ಸಾದಿಕ್ ಖಾನ್ ಲಂಡನ್‌ಗೆ ಮೂರು ಸಲ ಮೇಯರ್ ಆದರು. ಮುಸ್ಲಿಮರು ಯುರೋಪನ್ನೇ ಆಕ್ರಮಿಸಿಕೊಳ್ಳುತ್ತಿದ್ದಾರೆ ಎಂದೂ ಲೇಖಕರು ಬರೆದಿದ್ದಾರಲ್ಲ, 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮುಸ್ಲಿಮರು ಶೇ 6.5. ಸ್ವಿಟ್ಜರ್ಲೆಂಡಿನಲ್ಲಿ 2009ರಲ್ಲಿ ಮಸೀದಿ ಮಿನಾರ್ ಬೇಡ ಎಂದು ಶೇ 57.5 ಜನ ಮತ ಹಾಕಿದರು. ಆಗ ಇಡೀ ದೇಶದಲ್ಲಿ ಇದ್ದ ಮಿನಾರುಗಳು ನಾಲ್ಕು.

ನನ್ನ ತಂಗಿಯ ಮಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಆಸ್ಪತ್ರೆಯ ನರ್ಸ್. 2024ರ ಜುಲೈ ಕೊನೆಯಲ್ಲಿ ಸೌತ್‌ಪೋರ್ಟ್ ಎಂಬಲ್ಲಿ ಮೂವರು ಪುಟ್ಟ ಹೆಣ್ಣುಮಕ್ಕಳನ್ನು ಒಬ್ಬ ಹುಡುಗ ಇರಿದು ಕೊಂದ. ಅವನು ಮುಸ್ಲಿಂ, ದೋಣಿಯಲ್ಲಿ ಬಂದವನು ಎಂದು ಸುಳ್ಳು ಸುದ್ದಿ ಮೊಬೈಲುಗಳಲ್ಲಿ ಹರಡಿತು. ಅವನು ಹುಟ್ಟಿದ್ದು ಬ್ರಿಟನ್ನಿನ ಕಾರ್ಡಿಫ್‌ನಲ್ಲೇ, ಮುಸ್ಲಿಮನೂ ಅಲ್ಲ. ಅಷ್ಟರಲ್ಲಿ ಮಾರನೇ ದಿನವೇ ಮಸೀದಿಗೆ ಕಲ್ಲು ಬಿತ್ತು. ಆ ವಾರ ನನ್ನ ತಂಗಿಯ ಮಗ ಫೋನ್ ಮಾಡಿ, "ಖಾಲಾ, ನೈಟ್ ಡ್ಯೂಟಿಗೆ ಹೋಗೋಕೆ ಭಯ ಆಗ್ತಿದೆ" ಎಂದ. ಒಬ್ಬ ಇಂಗ್ಲಿಷ್ ನರ್ಸಮ್ಮ ವಾರ ಪೂರ್ತಿ ತನ್ನ ಕಾರಿನಲ್ಲಿ ಅವನನ್ನು ಮನೆ ಬಾಗಿಲಿಗೆ ಬಿಟ್ಟು ಹೋದರಂತೆ. ಆ ಸೌತ್‌ಪೋರ್ಟ್ ಮಸೀದಿಯ ಒಡೆದ ಗೋಡೆಯನ್ನು ಮಾರನೇ ದಿನ ಬೆಳಿಗ್ಗೆ ಬಂದು ಕಟ್ಟಿಕೊಟ್ಟವರೂ ಅಲ್ಲಿನ ಜನರೇ.

ಲೆಸ್ಟರ್‌ನದ್ದೇ ಇನ್ನೊಂದು ವಿಷಯ ಇದೆ, ಅದು ನಮಗೆ ಸೇರಿದ್ದು. 2022ರಲ್ಲಿ ಭಾರತ ಪಾಕಿಸ್ತಾನ ಕ್ರಿಕೆಟ್ ಮ್ಯಾಚ್ ಆದಮೇಲೆ ಅಲ್ಲಿ ಹಿಂದೂ ಮುಸ್ಲಿಂ ಹುಡುಗರು ಬೀದಿಯಲ್ಲಿ ಬಡಿದಾಡಿದರು. ನನ್ನ ತಂಗಿಯ ಮಗನ ಪಕ್ಕದ ಮನೆಯಲ್ಲಿ ಒಬ್ಬ ಗುಜರಾತಿ ಅಜ್ಜಿ ಇದ್ದಾರೆ. 1972ರಲ್ಲಿ ಉಗಾಂಡಾದಿಂದ ಅಲ್ಲಿನ ಸರ್ವಾಧಿಕಾರಿ ಇದಿ ಅಮೀನ್ ಏಷ್ಯಾ ಮೂಲದವರನ್ನು ಓಡಿಸಿದಾಗ ಬಂದವರು. ಆಗ ಲೆಸ್ಟರ್ ನಗರಸಭೆ ಉಗಾಂಡಾದ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು ನಮ್ಮೂರಿಗೆ ಬರಬೇಡಿ ಎಂದು ಹೇಳಿತ್ತು. ಹಾಗೆ ಬೇಡ ಎನಿಸಿಕೊಂಡ ಜನರೇ ಆ ಊರಿನ ಅಂಗಡಿ ಬೀದಿಗಳನ್ನು ಕಟ್ಟಿ ನಿಲ್ಲಿಸಿದರು. ಗಲಾಟೆ ದಿನಗಳಲ್ಲಿ ಇವನ ಹೆಂಡತಿ, ಆ ಅಜ್ಜಿ ಇಬ್ಬರೂ ಬಾಗಿಲು ಹಾಕಿಕೊಂಡು ಒಳಗಿದ್ದರು. ನಾಲ್ಕನೇ ದಿನ ಕಸದ ಡಬ್ಬ ಹೊರಗಿಡುವಾಗ ಇಬ್ಬರೂ ಎದುರಾದರು. ಅಜ್ಜಿ, "ಹಾಲು ಇದೆಯಾ ಮನೇಲಿ?" ಎಂದು ಕೇಳಿದರಂತೆ. ಇಂಗ್ಲಿಷರ ಕಣ್ಣಿಗೆ ಇಬ್ಬರೂ ಏಷ್ಯಾದವರು, ಇಬ್ಬರಿಗೂ ಎಲ್ಲಿಂದ ಬಂದವರು ಎಂಬ ಪ್ರಶ್ನೆ ಒಂದೇ. ಇಲ್ಲಿ ಕೂತು ನಾವು ಮೊಬೈಲಿನಲ್ಲಿ ತಳ್ಳುವ ಮೆಸೇಜು ಅಲ್ಲಿ ಅವರ ಗಾಜಿಗೆ ಕಲ್ಲಾಗಿ ಬೀಳುತ್ತದೆ. ಲೇಖನ ಬರೆಯುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಇದನ್ನೆಲ್ಲ ಬರೆದಿದ್ದು ಫ್ರಾನ್ಸನ್ನು ಬೈಯಲು ಅಲ್ಲ. ಅಲ್ಲಿ ಯಾವ ಅರ್ಜಿಯಲ್ಲೂ ಜಾತಿ, ಧರ್ಮ ಬರೆಯುವ ಕಾಲಂ ನಾನು ನೋಡಲಿಲ್ಲ, ಜನಗಣತಿಯಲ್ಲೂ ಕೇಳುವುದಿಲ್ಲ. ನನಗೆ ಅದು ತುಂಬಾ ಹಿಡಿಸಿತು. ಮೊಮ್ಮಗಳ ಓದಿಗೆ ಫೀಸಿಲ್ಲ. ಕೆಳಗಿನ ಮನೆಯ ಫ್ರೆಂಚ್ ಅಜ್ಜಿ ನಾನು ಹಚ್ಚಿಕೊಟ್ಟ ಖಾರಮಂಡಕ್ಕಿ ತಿಂದು ಮಾರನೇ ದಿನ ಖಾಲಿ ಡಬ್ಬದಲ್ಲಿ ಸೇಬಿನ ಕೇಕು ಹಾಕಿ ಕಳಿಸಿದರು. ಖಾಲಿ ಪಾತ್ರೆ ವಾಪಸ್ ಕೊಡಬಾರದು ಅನ್ನೋದು ಅಲ್ಲೂ ಇದೆ! ಅಲ್ಲಿನ ಕಾನೂನನ್ನು ನನ್ನ ಮಗಳ ಮನೆ ಪಾಲಿಸುತ್ತದೆ. ಪಾಲಿಸುತ್ತಲೇ ಇದು ಸರಿಯಿಲ್ಲ ಎಂದು ಹೇಳುವ ಹಕ್ಕೂ ಅವರಿಗಿದೆ, ಅವರು ಅಲ್ಲಿಯ ಪ್ರಜೆಗಳು.

2022ರ ಫೆಬ್ರವರಿಯನ್ನು ನಾನು ಮರೆತಿಲ್ಲ. ಹರಿಹರದಲ್ಲಿ, ನಮ್ಮೂರಿನಲ್ಲಿ ಹಿಜಾಬ್ ವಿಷಯಕ್ಕೆ ಗಲಾಟೆ ಆಗಿ ರಾಜ್ಯದಲ್ಲೆಲ್ಲ ಹೈಸ್ಕೂಲು, ಕಾಲೇಜು ಬಂದ್ ಆಯಿತು. ಮಾರ್ಚ್ 15ರಂದು ಹೈಕೋರ್ಟ್ ಹಿಜಾಬ್ ನಿಷೇಧ ಸರಿ ಎಂದಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಆ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಾಲೇಜು ಗೇಟಿನ ಪಕ್ಕ ಬೇವಿನ ಮರದ ಹಿಂದೆ ನಿಂತು ಸ್ಕಾರ್ಫ್ ತೆಗೆದು ಬ್ಯಾಗಿಗೆ ತುರುಕಿಕೊಳ್ಳುವುದನ್ನು ನಾನೇ ನೋಡಿದೆ. ನನ್ನನ್ನು ಕಂಡು, "ಮಿಸ್, ನೀವು ಆ ಕಡೆ ನೋಡಿ" ಎಂದಳು. ಲಿಯೋನ್‌ನ ಲಿಫ್ಟಿನಲ್ಲಿ ಮಗಳನ್ನು ನೋಡಿದಾಗ ನನಗೆ ಅದೇ ಹುಡುಗಿ ನೆನಪಾದಳು. ಅವಳು ಎಕ್ಸಾಮ್ ಬರೆದಳು, ಪಾಸಾದಳು. ಅವಳ ಪಕ್ಕದ ಮನೆ ಹುಡುಗಿ ಓದು ಬಿಟ್ಟಳು, ಮುಂದಿನ ವರ್ಷ ಮದುವೆ ಮಾಡಿದರು. ಕಾಲೇಜು ಬಿಡಿಸಿದ ಅವಳಪ್ಪನ ಮೇಲೂ ನನಗೆ ಸಿಟ್ಟಿದೆ, ಹೋಗಿ ಬೈದು ಬಂದಿದ್ದೇನೆ. ಗೇಟು ಮುಚ್ಚಿದವರ ಮೇಲೂ ಅಷ್ಟೇ ಸಿಟ್ಟಿದೆ.

ಜುಲೈನಲ್ಲಿ ಫ್ರಾನ್ಸಿನಲ್ಲಿ ಬೇಸಿಗೆ ರಜೆ. ಮೊಮ್ಮಗಳು ದಾವಣಗೆರೆಗೆ ಬರುತ್ತಾಳೆ, ಒಂದೂವರೆ ತಿಂಗಳು ಇರುತ್ತಾಳೆ. ಕನ್ನಡ ಮಾತಾಡುತ್ತಾಳೆ, ಬರೆಯಲು ಬರುವುದಿಲ್ಲ, ಈ ಸಲ ಕಾಗುಣಿತ ಕಲಿಸಬೇಕು ಅಂತಿದ್ದೇನೆ. ಲೇಖನ ಬರೆದ ಮಹನೀಯರು ನಮ್ಮ ಜಿಲ್ಲೆಯವರೇ ಎಂದು ಪತ್ರಿಕೆಯಲ್ಲಿ ನೋಡಿದೆ. ದಯವಿಟ್ಟು ಒಂದು ಸಂಜೆ ನಮ್ಮ ಮನೆಗೆ ಬನ್ನಿ. ಬೆರೆಯುತ್ತೀಯೋ ಇಲ್ಲವೋ ಎಂದು ಅವಳನ್ನೇ ಕೇಳಿ, ಅವಳು ಸಂಕೋಚ ಇಲ್ಲದೆ ಉತ್ತರ ಹೇಳುತ್ತಾಳೆ. ನನ್ನ ವಿಳಾಸ ಸಂಪಾದಕರ ಹತ್ತಿರ ಇದೆ. ಬರುವ ಹಿಂದಿನ ದಿನ ತಿಳಿಸಿದರೆ ಸಾಕು, ಮಂಡಕ್ಕಿ ಮಿರ್ಚಿ ಮಾಡಿರುತ್ತೇನೆ.

ಇಂತಿ,
ನಿವೃತ್ತ ಕನ್ನಡ ಶಿಕ್ಷಕಿ,
ದಾವಣಗೆರೆ